ಫಾಲ್ಟ್ ಹುಡುಕುವ ಕ್ರಮ

ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಫ್ಯಾನು ತಿರುಗುತ್ತದೆ,
ಮೂರು ಸಲ ಕೀಂ ಅನ್ನುತ್ತದೆ.
ಪರದೆ ಮಾತ್ರ ಕಪ್ಪು.

ಮಾದಾಪುರದ ಈಚೆ, ಸರ್ಕಾರ ಕಟ್ಟಿಕೊಟ್ಟ ಸಾಲುಮನೆಗಳಲ್ಲಿ
ನಲವತ್ತೊಂದನೆಯದು ನಮ್ಮದು.
ಫೆಬ್ರವರಿ ಕೊನೆ. ಹೂಮಳೆ ಇನ್ನೂ ಬಿದ್ದಿಲ್ಲ.

"ಕರೆಂಟ್ ಉಟ್ಟಾ?" ಒಳಗಿಂದ ದಮಯಂತಿ.
ಮೂವತ್ತೊಂದು ವರ್ಷ ಕಂಬ ಹತ್ತಿದವನಿಗೆ
ಕೇಳುವ ಪ್ರಶ್ನೆಯೇ ಇದು?
ಆದರೂ ಟೆಸ್ಟರ್ ತಂದು ಸಾಕೆಟ್ಟಿಗಿಟ್ಟೆ,
ಅವಳಿಗೆ ಕಾಣದ ಹಾಗೆ.

ಉಟ್ಟು.

ಫೀಡರ್ ಟ್ರಿಪ್ಪಾದರೆ ನಾವು ಮಾಡುತ್ತಿದ್ದದ್ದು ಇಷ್ಟೇ:
ನಡುವೆ ಒಂದು ಕಡೆ ಜಂಪರ್ ಬಿಚ್ಚುವುದು,
ಈಚೆ ಅರ್ಧಕ್ಕೆ ಚಾರ್ಜ್ ಕೊಟ್ಟು ನೋಡುವುದು.
ನಿಂತರೆ ತಪ್ಪು ಆಚೆ, ನಿಲ್ಲದಿದ್ದರೆ ಈಚೆ.
ಹೀಗೆ ಅರ್ಧ, ಅರ್ಧದಲ್ಲಿ ಅರ್ಧ,
ಕೊನೆಗೆ ಸಿಗುವುದು ಒಂದು ಸಿಲ್ವರ್ ಮರದ ಕೊಂಬೆ
ಅಥವಾ ಸುಟ್ಟ ಬಾವಲಿ.

ಪ್ರಿಂಟರ್ ಕಿತ್ತೆ. ಕೀಂ ಕೀಂ ಕೀಂ.
ಮೌಸ್, ಕೀಬೋರ್ಡು. ಕೀಂ ಕೀಂ ಕೀಂ.
ಪ್ಲಗ್ ಎಳೆದು ಪಕ್ಕದ ತಗಡು ಬಿಚ್ಚಿದೆ.
ಫ್ಯಾನಿನ ರೆಕ್ಕೆಗಳಿಗೆ ಗಟ್ಟಿ ಕೂತ ಕೆಂಪು ಧೂಳು.
ಇಲ್ಲಿಯದಲ್ಲ. ಇಲ್ಲಿಯದು ಬೂದು, ಜಲ್ಲಿಪುಡಿ ಬೆರೆತದ್ದು.

ಆ ಆಗಸ್ಟಿನ ಬೆಳಿಗ್ಗೆ ನಮಗಿದ್ದದ್ದು ಐದು ನಿಮಿಷ.
ಕಾಚಂಪುಳಿ ಭರಣಿ ತಗೊಳ್ಳಿ ಅಂದಿದ್ದಳು.
ನಾನು ಈ ಪೆಟ್ಟಿಗೆ ಹೊತ್ತು ಓಡಿದೆ, ಪರದೆಯನ್ನೂ ಬಿಟ್ಟು.
ಹಂದಿ ಸಾರಿಗೆ ಹುಳಿ ಹಿಂಡುವಾಗೆಲ್ಲ
ಆ ಮಾತು ಇವತ್ತಿಗೂ ಬರುತ್ತದೆ.
ಒಳಗೆ ಮಳೆ ಇದೆ ಅಂದರೆ ನಗುತ್ತಾಳೆ.
ಇದೆ. ದಿನಾ ಬೆಳಿಗ್ಗೆ ಏಳಕ್ಕೆ ಅಳೆದದ್ದು,
ಇಂಚು, ಸೆಂಟು, ಒಂದು ದಿನ ತಪ್ಪದೆ.
ತಪ್ಪಿದ್ದು ಆ ಒಂದು ದಿನ. ಅಳೆಯುವ ಡಬ್ಬವೇ
ಮಳೆಯ ಜೊತೆ ಹೋಗಿತ್ತು.

ಗಡ್ಡದ ಬ್ರಷ್ಷಿನಿಂದ ಧೂಳನ್ನು ಪೇಪರಿಗೆ ಉದುರಿಸಿದೆ.
ಒಂದು ಚಮಚ ಆದೀತು.
ದಮಯಂತಿ ಬಂದು ಪೇಪರ್ ಮಡಚಿ ಒಯ್ದಳು.
ಎಸೆದಳೋ, ಕರಿಬೇವಿನ ಕುಂಡಕ್ಕೆ ಹಾಕಿದಳೋ,
ನಾನು ಕೇಳಲಿಲ್ಲ.

ಪಕ್ಕದ ಮನೆಯ ರುಮೈಸಾ, ಒಂಬತ್ತನೇ ಕ್ಲಾಸು,
ಬಾಗಿಲಲ್ಲಿ ನಿಂತು ಎಣಿಸಿದಳು:
"ಮೂರು ಸಲ ಕೂಗಿದ್ರೆ ಮೆಮೊರಿ, ಅಂಕಲ್.
ಕಿತ್ತು ರಬ್ಬರಲ್ಲಿ ಉಜ್ಜಿ."
ಕಂಪಾಸ್ ಪೆಟ್ಟಿಗೆಯಿಂದ ತನ್ನದನ್ನೇ ತೆಗೆದುಕೊಟ್ಟಳು,
ಒಂದು ಮಗ್ಗುಲಲ್ಲಿ ಯಾರದೋ ಹೆಸರು, ಅರ್ಧ ಅಳಿಸಿದ್ದು.

ಬೆರಳುದ್ದದ ಎರಡು ಹಸಿರು ಪಟ್ಟಿ.
ಹಿತ್ತಾಳೆ ಹಲ್ಲುಗಳನ್ನು ಉಜ್ಜಿದೆ,
ಇನ್ಸುಲೇಟರ್ ಒರೆಸುವಾಗಿನ ಅದೇ ಮರ್ಯಾದೆಯಲ್ಲಿ.
ಒಂದನ್ನೇ ಕೂರಿಸಿ ಗುಂಡಿ ಒತ್ತಿದೆ.
ಕೀಂ.
ಒಂದೇ ಸಲ.

ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ,
ತಾರೀಖು ಗೊತ್ತಿಲ್ಲ ಅನ್ನುತ್ತಿದೆ. ತಾನೇ ಒಂದು ಹೇಳುತ್ತಿದೆ:
ಎರಡು ಸಾವಿರದ ಒಂಬತ್ತು, ಜನವರಿ ಒಂದು.

ಹಾಗಾದರೆ ನಾನಿನ್ನೂ ಸರ್ವೀಸಿನಲ್ಲಿದ್ದೇನೆ.
ಮನೆ ಹಿಂದಿನ ಬರೆ ನಿಂತಲ್ಲೇ ನಿಂತಿದೆ,
ಅದರ ಮೇಲೆ ಹನ್ನೊಂದು ಕಿತ್ತಳೆ ಗಿಡ,
ಮೇಲಿನ ಮನೆಯವರ ನಾಯಿ.
ರುಮೈಸಾ ಹುಟ್ಟಿಯೇ ಇಲ್ಲ,
ಆದರೂ ಪಕ್ಕದಲ್ಲಿ ನಿಂತು ರಬ್ಬರ್ ವಾಪಸ್ ಕೇಳುತ್ತಿದ್ದಾಳೆ.

"ಒಳಗಿನ ಗೋಲಿ ಬ್ಯಾಟರಿ ಸತ್ತಿದೆ, ಅಂಕಲ್.
ವಾಚ್ ಅಂಗಡಿಯಲ್ಲಿ ಸಿಗ್ತದೆ, ಮೂವತ್ತು ರೂಪಾಯಿ.
ಹಾಕದಿದ್ರೆ ಪ್ಲಗ್ ತೆಗೆದಾಗೆಲ್ಲ ಹಿಂದಕ್ಕೆ ಹೋಗ್ತದೆ."

ನಾಳೆ ತರುತ್ತೇನೆ ಅಂದೆ.
ಅಂದು ಹದಿನಾರು ದಿನವಾಯಿತು.
ಅಂಗಡಿ ಮುಂದೆಯೇ ಎರಡು ಸಲ ಹಾದುಹೋಗಿದ್ದೇನೆ.

ರಾತ್ರಿ ಪ್ಲಗ್ ಕೀಳುತ್ತೇನೆ.
ಬೆಳಿಗ್ಗೆ ಏಳಕ್ಕೆ ಅದು ಜನವರಿ ಒಂದು ಅನ್ನುತ್ತದೆ.
ಸ್ವಲ್ಪ ಹೊತ್ತು ಹೂಂ ಅನ್ನುತ್ತೇನೆ.
ಆಮೇಲೆ ಬೆರಳಲ್ಲಿ ಇವತ್ತಿನವರೆಗೆ ನಡೆಸಿಕೊಂಡು ಬಂದು
ಫೈಲ್ ತೆರೆದು ಬರೆಯುತ್ತೇನೆ:
ಹತ್ತು ಸೆಂಟು.
ಹೂವಿಗೆ ಸಾಲದು.